‘ಕರಾವಳಿಗೆ ಹೊಂದುವ ಹಾಪ್ಸ್’ ಎಂದು ಮಾರುವವರಿದ್ದಾರೆ, ಹುಷಾರು

ಉಡುಪಿ, ಮಂಗಳೂರು ಕಡೆಯವರು ಆನ್‌ಲೈನ್‌ನಲ್ಲಿ ಹಾಪ್ಸ್ ಗಿಡ ತರಿಸುವ ಯೋಚನೆಯಲ್ಲಿದ್ದರೆ, ದುಡ್ಡು ಕಳಿಸುವ ಮೊದಲು ಇದನ್ನು ಓದಿ. ಬಿಯರ್‌ಗೆ ಕಹಿ ಮತ್ತು ಪರಿಮಳ ಕೊಡುವ ಹೂವಿನ ಬಳ್ಳಿ ಅದು. ‘ಕ್ಯಾಸ್ಕೇಡ್ ತಳಿ, ಸೆಕೆ ತಡೆಯುತ್ತದೆ, ನಿಮ್ಮ ಊರಿಗೆ ಹೇಳಿ ಮಾಡಿಸಿದ್ದು’ ಎಂದು ಮಾರಾಟಗಾರರು ನನಗೆ ಫೋನಿನಲ್ಲೇ ಭರವಸೆ ಕೊಟ್ಟಿದ್ದರು. ಬೇರಿನ ತುಂಡುಗಳ ಜೊತೆ ಒಂದು ಪೊಟ್ಟಣ ‘ಕ್ಯಾಸ್ಕೇಡ್ ಬೀಜ’ಕ್ಕೂ ದುಡ್ಡು ತೆಗೆದುಕೊಂಡರು.

ಸೆಕೆಯ ಮಾತು ಪೂರ್ತಿ ಸುಳ್ಳಲ್ಲ. ಕ್ಯಾಸ್ಕೇಡ್ ಬೇರೆ ಕೆಲವು ತಳಿಗಳಿಗಿಂತ ಬಿಸಿಲು ತಾಳುತ್ತದೆ. ಆದರೆ ನಮ್ಮಲ್ಲಿ ಇದಕ್ಕೆ ಸಾಲದಿರುವುದು ಹಗಲು. ಹಗಲು ದೊಡ್ಡದಿರುವಾಗ ಈ ಬಳ್ಳಿ ಎತ್ತರಕ್ಕೆ ಹಬ್ಬುತ್ತದೆ, ಹಗಲು ಕುಗ್ಗಿದಾಗ ಹೂ ಬಿಡುತ್ತದೆ. ಹಾಪ್ಸ್ ಬೆಳೆಯುವ ಜರ್ಮನಿಯ ಹಾಲರ್‌ಟೌ ಪ್ರದೇಶದಲ್ಲಿ, ಅಮೆರಿಕದ ಯಾಕಿಮಾ ಕಣಿವೆಯಲ್ಲಿ ಜೂನ್ ತಿಂಗಳ ಹಗಲು ಸುಮಾರು 16 ಗಂಟೆ. ನಮ್ಮಲ್ಲಿ ವರ್ಷದ ಅತಿ ದೊಡ್ಡ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಹಾಗಾಗಿ 15-20 ಅಡಿ ಹತ್ತಬೇಕಾದ ಬಳ್ಳಿ ಚಿಕ್ಕದಿರುವಾಗಲೇ ಹೂ ಬಿಟ್ಟು ನಿಂತುಬಿಡುತ್ತದೆ. ನಮ್ಮ ಮನೆಯಲ್ಲಿ ಅದು ಬಸಳೆ ಚಪ್ಪರದ ಎತ್ತರವನ್ನೂ ದಾಟಲಿಲ್ಲ. ಹೂ ಒಂದು ಮುಷ್ಟಿಯೂ ಸಿಗಲಿಲ್ಲ. ಕ್ಯಾಸ್ಕೇಡ್ ಬಿಟ್ಟು ಚಿನೂಕ್ ತಂದರೂ, ಸಾಜ್ ತಂದರೂ ನಮ್ಮ ಹಗಲು ಉದ್ದವಾಗುವುದಿಲ್ಲ, ಅಲ್ವಾ?

ಆಮೇಲೆ ಮಳೆ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಸುರಿಯುತ್ತದೆ. ಹಾಪ್ಸ್‌ನ ದೊಡ್ಡ ಶತ್ರು ಡೌನಿ ಮಿಲ್ಡ್ಯೂ, ನಮ್ಮ ಅಡಿಕೆಯ ಕೊಳೆರೋಗದ ದೂರದ ಸಂಬಂಧಿ. ಒದ್ದೆ ಎಲೆ ಸಿಕ್ಕರೆ ಅದಕ್ಕೆ ಹಬ್ಬ. ಆಟಿ ತಿಂಗಳಲ್ಲಿ ಎಲೆಗಳ ಅಡಿಯಲ್ಲೆಲ್ಲ ಕಪ್ಪು ಬೂಜು ಬಂತು, ಬುಡವೂ ಕೊಳೆಯಿತು.

ಬೀಜದ್ದು ಶುದ್ಧ ಮೋಸ. ಹಾಪ್ಸ್‌ನಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಬೇಕಾಗಿರುವುದು ಹೆಣ್ಣು ಗಿಡದ ಹೂ ಮಾತ್ರ. ಬೀಜದಿಂದ ಎರಡೂ ಹುಟ್ಟುತ್ತವೆ, ತಾಯಿ ತಳಿಯ ಗುಣವೂ ಹಾಗೆಯೇ ಬರುವುದಿಲ್ಲ. ಹೆಸರಿರುವ ತಳಿಯನ್ನು ಬೇರಿನ ತುಂಡು ಅಥವಾ ಕಾಂಡದ ತುಂಡಿನಿಂದಲೇ ಬೆಳೆಸಬೇಕು. ಬೀಜದ ಪೊಟ್ಟಣದ ಮೇಲೆ ತಳಿಯ ಹೆಸರು ಕಂಡರೆ ಮುಟ್ಟಬೇಡಿ.

ದೂರು ಹೇಳಿದ್ದಕ್ಕೆ ‘ನಿಮ್ಮ ಆರೈಕೆ ಸರಿಯಿಲ್ಲ’ ಎಂದರು. ಹಿಮಾಚಲದ ಲಾಹೌಲ್ ಕಣಿವೆಯ ತೋಟದ ಫೋಟೋ ಕಳಿಸಿದರು. ಅಲ್ಲಿ ಹಾಪ್ಸ್ ಬೆಳೆಯುವುದು ನಿಜ. ಆದರೆ ಅಲ್ಲಿ ಚಳಿಗಾಲವಿಡೀ ಹಿಮ, ಮಳೆ ಕಡಿಮೆ, ಬೇಸಿಗೆಯ ಹಗಲೂ ನಮ್ಮದಕ್ಕಿಂತ ಉದ್ದ. ಅದನ್ನು ತೋರಿಸಿ ಉಡುಪಿಯವರಿಗೆ ಮಾರುವುದು ಅನ್ಯಾಯ. ಹಣ ವಾಪಸ್ ಕೇಳಿದ ಮೇಲೆ ಫೋನೇ ಎತ್ತಲಿಲ್ಲ.

ಇಷ್ಟಾದರೂ ಬೇಕೇ ಬೇಕು ಅನ್ನುವವರು ದೀಪದ ಖರ್ಚನ್ನೂ ಲೆಕ್ಕ ಹಾಕಿ. ಫ್ಲೋರಿಡಾದಲ್ಲಿ ಸಂಶೋಧಕರು ಕತ್ತಲಾದ ಮೇಲೆ ಎಲ್‌ಇಡಿ ಉರಿಸಿ, ಹಗಲನ್ನು ಉದ್ದ ಮಾಡಿ ಬೆಳೆದಿದ್ದಾರೆ. ಮಳೆ ಬೀಳದ, ಗಾಳಿಯಾಡುವ ಜಾಗವೂ ಬೇಕು. ಮನೆಯಲ್ಲಿ ನಾಯಿ ಇದ್ದರೆ ಮಾತ್ರ ಬೇಡವೇ ಬೇಡ. ಹಾಪ್ಸ್ ತಿಂದ ನಾಯಿಗೆ ಜ್ವರ ಏರಿ ಜೀವವೇ ಹೋಗಬಹುದು. ನನಗೆ ಮಾರಿದವರು ಇದನ್ನೂ ಹೇಳಿರಲಿಲ್ಲ.