ಶಾಲಾ ಸಂಸತ್ತೋ, ಮಕ್ಕಳ ಗ್ರಾಮಸಭೆಯೋ?

ಪೌರನೀತಿ ಕಲಿಸುವ ಸರ್ಕಾರಿ ಶಾಲೆ ಮೇಷ್ಟ್ರಿಗೆ ಸಮಯ ಇರುವುದೇ ಕಡಿಮೆ. ಶಾಲಾ ಸಂಸತ್ತು, ಮಕ್ಕಳ ಗ್ರಾಮಸಭೆ ಎರಡರಲ್ಲಿ ಯಾವುದಕ್ಕೆ ಜಾಸ್ತಿ ಒತ್ತು ಕೊಡಲಿ ಅಂದರೆ, ನಾನು ಗ್ರಾಮಸಭೆ ಅನ್ನುತ್ತೇನೆ.

ಮಕ್ಕಳೇ ಮತ ಹಾಕಿ ತಮ್ಮೊಳಗೇ ಮಂತ್ರಿಗಳನ್ನು ಆರಿಸುವ ಶಾಲಾ ಸಂಸತ್ತು ನಡೆಸುವುದು ಸುಲಭ. ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಈಗಂತೂ ಎಷ್ಟೋ ಕಡೆ ಮೊಬೈಲೇ ಮತಯಂತ್ರ. ಗುಟ್ಟಿನ ಮತದಾನ ಅಂದರೇನು ಅಂತ ಐದನೇ ಕ್ಲಾಸಿನವರಿಗೂ ಅರ್ಥವಾಗುತ್ತದೆ. ಆದರೆ ಪ್ರಮಾಣವಚನ ಮುಗಿದ ಮೇಲೆ ಆರೋಗ್ಯ ಮಂತ್ರಿಗೆ ಉಗುರು ನೋಡುವುದು ಬಿಟ್ಟರೆ ಕೆಲಸವೇನಿದೆ? ಬಜೆಟ್ಟೂ ಇಲ್ಲ, ಅಧಿಕಾರವೂ ಇಲ್ಲ.

ಮಕ್ಕಳ ಅಹವಾಲು ಕೇಳಲು ಪಂಚಾಯಿತಿ ನಡೆಸುವ ಗ್ರಾಮಸಭೆ ಹಾಗಲ್ಲ. ಪಂಚಾಯಿತಿ ಅಧ್ಯಕ್ಷರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎದುರಿಗೇ ಕೂತಿರುವಾಗ ಹುಡುಗಿಯೊಬ್ಬಳು ಮೈಕ್ ಹಿಡಿದು ‘ಶೌಚಾಲಯಕ್ಕೆ ನೀರು ಬರ್ತಿಲ್ಲ, ಯಾವಾಗ ಸರಿ ಮಾಡಿಸ್ತೀರಿ ಸಾರ್?’ ಅಂತ ಕೇಳಿದರೆ ಊರವರ ಮುಂದೆ ಏನಾದರೂ ಹೇಳಲೇಬೇಕಲ್ವಾ? ಯಾವುದು ಪಂಚಾಯಿತಿ ಕೆಲಸ, ಯಾವುದು ಕರೆಂಟ್ ಆಫೀಸಿನದು, ಯಾವುದು ತಾಲ್ಲೂಕು ಕಚೇರಿಯದು ಅನ್ನುವುದು ಪಾಠಕ್ಕಿಂತ ಬೇಗ ತಲೆಗೆ ಹತ್ತುತ್ತದೆ.

ಕೊರತೆಯೂ ಇದೆ. ವರ್ಷಕ್ಕೊಮ್ಮೆ ನಡೆದರೆ ಹೆಚ್ಚು, ಕೆಲವು ಕಡೆ ಸುಮ್ನೆ ಭಾಷಣ, ಬಿಸ್ಕತ್ತು, ಫೋಟೋ. ಗ್ರಾಮ ಪಂಚಾಯಿತಿಯೇ ಇಲ್ಲದ ನಗರದ ಶಾಲೆಗೆ ಸಂಸತ್ತೇ ಗತಿ.

ಗ್ರಾಮಸಭೆ ಆರಿಸಿಕೊಂಡರೆ, ಹೋದ ವರ್ಷದ ನಡಾವಳಿಯನ್ನು ಪಂಚಾಯಿತಿಯಿಂದ ಮೊದಲೇ ಕೇಳಿ ತರಿಸಿ, ಏನು ಆಗಿದೆ, ಏನು ಆಗಿಲ್ಲ ಅಂತ ಮಕ್ಕಳ ಕೈಲೇ ಗುರುತು ಹಾಕಿಸಿ.