ಫೋಟೋದಲ್ಲಿದ್ದ ಲೆನ್ಸು ಬೇರೆ, ಪಾರ್ಸೆಲ್‌ನಲ್ಲಿ ಬಂದದ್ದು ಬೇರೆ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಸುತ್ತಿ ಬಳಸಿ ಕೇಳುವುದು ಬೇಡ. ಆ ಜಾಹೀರಾತನ್ನು ಪಾಸು ಮಾಡಿದ್ದು ನಾನೇ. ನಮ್ಮ ಹಕ್ಕಿ ಫೋಟೋ ಬಳಗದಲ್ಲಿ ಹಳೆ ಕ್ಯಾಮೆರಾ, ಲೆನ್ಸು, ಬೈನಾಕ್ಯುಲರ್ ಮಾರುವವರು ಮೊದಲು ನನಗೆ ಕಳಿಸಬೇಕು, ನಾನು ನೋಡಿ ಹೂಂ ಅಂದಮೇಲೇ ಅದು ಎಲ್ಲರ ಮುಂದೆ ಹೋಗಬೇಕು ಎಂದು ನಿಯಮ ಮಾಡಿದ್ದೂ ನಾನೇ. ಹಾಗಾಗಿ ಸಿದ್ದಾಪುರದ ಹುಡುಗ ಕಳೆದುಕೊಂಡ 54,000 ರೂಪಾಯಿಯಲ್ಲಿ ನನ್ನ ಪಾಲಿನ ದಡ್ಡತನ ದೊಡ್ಡದೇ ಇದೆ. ನಾಚಿಕೆ ಆಗುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಸಾಮಾನು ನಿಕಾನ್ 200-500 ಮಿ.ಮೀ., ಎಫ್ 5.6, ದೂರದ ಹಕ್ಕಿಯನ್ನು ಹತ್ತಿರ ತರುವ ಜೂಮ್ ಲೆನ್ಸು. ದಾಂಡೇಲಿಯಲ್ಲಿ ಮಂಗಟ್ಟೆ, ಅಘನಾಶಿನಿ ಅಳಿವೆಯಲ್ಲಿ ವಲಸೆ ಹಕ್ಕಿ ಅಂತ ಅಲೆಯುವವರಿಗೆ ಇದರ ಪರಿಚಯ ಹೇಳಬೇಕಿಲ್ಲ. 2015ರಲ್ಲಿ ಬಂದ ಲೆನ್ಸು, ಟ್ರೈಪಾಡ್‌ಗೆ ಕೂರಿಸುವ ಕಾಲರ್ ಸೇರಿ 2.3 ಕೆ.ಜಿ. ತೂಕ, 95 ಮಿ.ಮೀ. ಫಿಲ್ಟರ್ ಹಿಡಿಸುವ ಮುಂಭಾಗ. ಲಕ್ಷಗಟ್ಟಲೆ ಸುರಿಯಲಾಗದವರ ಮೊದಲ ಆಸೆ ಇದೇ. ಆಷಾಢದ ಮಳೆ ಹೊಡೆಯುವಾಗ ಇಂಥವು ಮಾರಾಟಕ್ಕೆ ಬರುವುದು ಹೆಚ್ಚು, ಸಾಮಾನು ಮನೆಯಲ್ಲಿ ಸುಮ್ಮನೆ ಕೂತಿರುತ್ತದಲ್ಲ. ಕೊಳ್ಳುವವನಿಗೂ ಅವಸರ, ಸೆಪ್ಟೆಂಬರ್ ಬಂದರೆ ಅಳಿವೆಗೆ ಹಕ್ಕಿ ಇಳಿಯತೊಡಗುತ್ತವೆ. ಮೋಸಕ್ಕೆ ಇದಕ್ಕಿಂತ ಒಳ್ಳೆ ಸಮಯ ಇಲ್ಲ.

ಮಾರುವವನು ಕಾರವಾರದ ಕಡೆಯವ. ಬಳಗದ ಹಳಬರೊಬ್ಬರಿಗೆ ಪರಿಚಯದವರ ಪರಿಚಯ. ಜಾಹೀರಾತು ನೋಡಿದರೆ ಅಚ್ಚುಕಟ್ಟು: ಐದು ಫೋಟೋ, ಬೆಲೆ, ಊರು, ಸೀರಿಯಲ್ ನಂಬರ್, ‘ಗಾಜು ಕ್ಲೀನ್, ಫಂಗಸ್ ಇಲ್ಲ, ಸ್ಕ್ರ್ಯಾಚ್ ಇಲ್ಲ’. ನಾನು ಕೇಳುವ ಚೀಟಿಯೂ ಇತ್ತು. ಅಂದರೆ ಒಂದು ಕಾಗದದಲ್ಲಿ ಹೆಸರು, ಆ ದಿನದ ತಾರೀಕು ಕೈಯಲ್ಲಿ ಬರೆದು ಸಾಮಾನಿನ ಪಕ್ಕ ಇಟ್ಟು ತೆಗೆದ ಫೋಟೋ. ಇಂಟರ್ನೆಟ್‌ನಿಂದ ಕದ್ದ ಫೋಟೋ ಹಾಕುವವರನ್ನು ಈ ಚೀಟಿ ಹಿಡಿದುಹಾಕುತ್ತದೆ. ಕೆಂಪು ಗಾರೆಯ ಜಗಲಿ, ಅದರ ಮೇಲೆ ಲೆನ್ಸು, ಪಕ್ಕದಲ್ಲಿ ಚೀಟಿ. ಸರಿ ಅಂದೆ.

ಈಗ ನನ್ನ ತಪ್ಪು ಕೇಳಿ. ಚೀಟಿ ಒಂದು ಫೋಟೋದಲ್ಲಿತ್ತು. ಸೀರಿಯಲ್ ನಂಬರ್ ಯಾವ ಫೋಟೋದಲ್ಲೂ ಇರಲಿಲ್ಲ, ಅದನ್ನು ಅವನು ಟೈಪ್ ಮಾಡಿದ್ದ ಅಷ್ಟೆ. ಫೋಟೋದಲ್ಲಿ ನಂಬರ್ ಇರುವ ಜಾಗದ ಮೇಲೆ ಹೆಗಲಪಟ್ಟಿ ಹಾದುಹೋಗಿತ್ತು. ನಾನು ನೋಡಿದ್ದು ‘ಚೀಟಿ ಇದೆ, ನಂಬರ್ ಇದೆ’ ಅಂತ. ಎರಡೂ ಒಂದೇ ಫ್ರೇಮಿನಲ್ಲಿ ಇದೆಯೇ ಅಂತ ನೋಡಲಿಲ್ಲ. ಇಡೀ ಮೋಸ ನಿಂತಿರುವುದು ಈ ಒಂದು ಸಂದಿನಲ್ಲಿ.

ಬಿಲ್ಲು ಕೇಳಿದ್ದಕ್ಕೆ, “ಬಿಲ್ಲು ಗೆದ್ದಲು ತಿಂದಾಯ್ತು ಸರ್, ನಮ್ಮ ಕಡೆ ಮನೆ ನಿಮಗೆ ಗೊತ್ತಲ್ಲ” ಅಂದ. ಗೊತ್ತು, ನಮ್ಮ ಮನೆಯಲ್ಲೂ ತಿಂದಿದೆ, ನಂಬಿದೆ. ವಿಡಿಯೋ ಕಾಲ್‌ನಲ್ಲಿ ಟಾರ್ಚ್ ಹಿಡಿದು ತೋರಿಸಿ ಅಂದರೆ, “ಮಳೆಗೆ ನೆಟ್‌ವರ್ಕೇ ಇಲ್ಲ ಮಾರ್ರೆ, ಗುಡ್ಡ ಹತ್ತಬೇಕು.” ಇದನ್ನೂ ನಂಬಿದೆ. ಘಟ್ಟದ ಕೆಳಗೂ ಮೇಲೂ ಇರುವ ನಮಗೆ ಈ ಎರಡು ಮಾತಿಗೆ ಎದುರು ಹೇಳಲಿಕ್ಕೆ ಬಾಯಿ ಬರುವುದಿಲ್ಲ. ಅವನಿಗೆ ಅದು ಗೊತ್ತಿತ್ತು. ಬದಲಿಗೆ ಆ ಲೆನ್ಸಲ್ಲಿ ತೆಗೆದದ್ದು ಅಂತ ಮಿಂಚುಳ್ಳಿಯ ಫೋಟೋ ನಾಲ್ಕು ಕಳಿಸಿದ. ಒಳ್ಳೆ ಬಿಸಿಲು, ಕಣ್ಣಿನ ಸುತ್ತಲಿನ ಪುಕ್ಕ ಒಂದೊಂದೂ ಎಣಿಸುವ ಹಾಗೆ. ಅಂಥ ಫೋಟೋ ಏನನ್ನೂ ಸಾಬೀತು ಮಾಡುವುದಿಲ್ಲ, ಇದು ನನಗೆ ಗೊತ್ತಿತ್ತು! ಗಾಜಿನ ಒಳಗೆ ಸಾಧಾರಣ ಫಂಗಸ್, ಅಂದರೆ ಬೂಸ್ಟು, ಇದ್ದರೂ ಬೆಳಕು ಬೆನ್ನ ಹಿಂದಿದ್ದಾಗ ಚಿತ್ರ ಚೂಪಾಗಿಯೇ ಬರುತ್ತದೆ. ಬೆಳಕಿಗೆ ಎದುರಾಗಿ ತೆಗೆದಾಗ ಗೊತ್ತಾಗುವುದು, ಕಪ್ಪು ಕಪ್ಪಾಗಿ ಉಳಿಯದೆ ಇಡೀ ಚಿತ್ರಕ್ಕೆ ಹಾಲು ಬಳಿದ ಹಾಗೆ ಆಗುತ್ತದೆ. ಅಲ್ಲದೆ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದರೊಳಗಿನ ವಿವರವೆಲ್ಲ ಕಳಚಿಹೋಗುತ್ತದೆ, ಯಾವ ಲೆನ್ಸು, ಯಾವ ದಿನ ಏನೂ ಉಳಿಯುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಬೇಕಿತ್ತು. ಅನ್ನಲಿಲ್ಲ.

ವ್ಯವಹಾರ ಹೇಗೆ ಆಗಬೇಕು ಅಂತ ಎಲ್ಲರಿಗೂ ಗೊತ್ತು. ಕುಮಟಾ ಬಸ್ ಸ್ಟ್ಯಾಂಡೋ, ಅಂಕೋಲೆಯೋ, ಮಧ್ಯದಲ್ಲಿ ಎಲ್ಲೋ ಒಂದು ಕಡೆ ಕೂತು, ಅರ್ಧ ತಾಸು ಕ್ಯಾಮೆರಾಕ್ಕೆ ಹಾಕಿ ನೋಡಿ, ಚಾ ಕುಡಿದು, ಅಲ್ಲೇ ಹಣ ಹಾಕುವುದು. ಇಲ್ಲಿ ಘಟ್ಟದ ರಸ್ತೆ, ಮಳೆ, ಗುಡ್ಡ ಕುಸಿತ ಅಂತ ಕಾರಣ ಹೇಳಿ ಬಸ್ ಪಾರ್ಸೆಲ್ ಅಂದ. ಹುಡುಗ 5,000 ಅಡ್ವಾನ್ಸ್ ಹಾಕಿದ, ಪಾರ್ಸೆಲ್ ರಸೀದಿಯ ಫೋಟೋ ಬಂದ ಮೇಲೆ ಉಳಿದ 49,000. ರಸೀದಿ ನಿಜವೇ. ಪಾರ್ಸೆಲ್ಲೂ ಬಂತು. ಬಾಕ್ಸಿನ ಒಳಗೆ ಇಟ್ಟಿಗೆ ಇರಲಿಲ್ಲ, ಲೆನ್ಸೇ ಇತ್ತು. ನಂಬರ್ ತಾಳೆ ನೋಡಿದರೆ ಜಾಹೀರಾತಿನಲ್ಲಿ ಟೈಪ್ ಮಾಡಿದ್ದೇ! ಹುಡುಗ ಫೋನ್ ಮಾಡಿ “ಬಂತು ಅಣ್ಣಾ, ನಂಬರ್ ಸರಿ ಇದ್ದು” ಅಂದಾಗ ನಾನು ಬಳಗದಲ್ಲಿ ಮಾರಿದವನಿಗೆ ಒಂದು ಹೆಬ್ಬೆರಳು ಎತ್ತಿದ ಚಿತ್ರವನ್ನೂ ಹಾಕಿದೆ. ಆ ಹೆಬ್ಬೆರಳು ಈಗಲೂ ಅಲ್ಲೇ ಇದೆ, ಅಳಿಸುವ ಸಮಯ ಮುಗಿದಿದೆ.

ಸಂಜೆ ಹುಡುಗ ಅದನ್ನು ಶಿರಸಿಗೆ, ನನ್ನ ಹತ್ತಿರ ತಂದ. ಲೈಟ್ ಆರಿಸಿ, ಎರಡೂ ಮುಚ್ಚಳ ತೆಗೆದು, ಕ್ಯಾಮೆರಾಕ್ಕೆ ಕೂರುವ ಮೌಂಟ್ ಕಡೆಯಿಂದ ಮೊಬೈಲ್ ಟಾರ್ಚ್ ಹಿಡಿದು, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿದೆ. ನೇರ ನೋಡಿದರೆ ಬೆಳಕಷ್ಟೇ ಕಣ್ಣಿಗೆ ಹೊಡೆಯುತ್ತದೆ. ಓರೆಯಾಗಿ ನೋಡುತ್ತ ನಿಧಾನ ತಿರುಗಿಸಬೇಕು. ಅರ್ಧ ಸುತ್ತು ತಿರುಗಿತು, ಏನಿಲ್ಲ. ಇನ್ನೂ ಸ್ವಲ್ಪ. ಒಳಗಿನ ಗಾಜೊಂದರ ಅಂಚಿನಿಂದ ಬೇರು ಬಿಟ್ಟ ಹಾಗೆ, ಬಿಳಿ ಎಳೆ, ಎಳೆಗೆ ಕವಲು, ಕವಲಿಗೆ ಮರಿ ಕವಲು, ನಡುವಿನ ತನಕ. ಹಿಂದಿನ ಕಡೆ ಇನ್ನೊಂದು ಗಾಜಿನ ಮೇಲೆ ನಾಲ್ಕಾಣೆಯಷ್ಟು ಅಗಲದ ಜೇಡರಬಲೆ. ಹುಡುಗ ಬಗ್ಗಿ ನೋಡಿದ. “ಇದೆಂತದು?” ಅಂದ. ನನಗೆ ಬಾಯಿ ಒಣಗಿತು. ಅದು ಎಂತದು ಅಂತ ಹೇಳುವ ಕೆಲಸಕ್ಕೇ ಬಳಗದವರು ನನ್ನನ್ನು ಇಟ್ಟಿದ್ದು.

ಧೂಳು ಅಂದರೆ ಚುಕ್ಕಿ, ಅದಕ್ಕೆ ಕವಲು ಇರುವುದಿಲ್ಲ. ಎರಡು ಗಾಜು ಅಂಟಿಸಿದ ಅಂಟು ಬಿಟ್ಟಿದ್ದರೆ ಅಂಚಿನಲ್ಲಿ ಎಣ್ಣೆ ತೇಲಿದ ಹಾಗೆ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ. ಮಂಜು ಹಿಡಿದಿದ್ದರೆ ಕನ್ನಡಿ ಮೇಲೆ ಉಸಿರು ಬಿಟ್ಟ ಹಾಗೆ ಇರುತ್ತದೆ. ಬೇರಿನ ಹಾಗೆ ಹಬ್ಬಿದ್ದರೆ ಅದು ಬೂಸ್ಟೇ, ಬೇರೆ ಮಾತೇ ಇಲ್ಲ. ಹೊಸದಾದರೆ ಬಿಚ್ಚಿ ಒರೆಸಿದರೆ ಹೋಗುತ್ತದೆ, ತಿಂಗಳುಗಟ್ಟಲೆ ಇದ್ದರೆ ಅದು ಬಿಡುವ ಆಮ್ಲ ಗಾಜಿನ ಮೇಲಿನ ಲೇಪವನ್ನೇ ತಿಂದಿರುತ್ತದೆ, ಒರೆಸಿದ ಮೇಲೂ ಕಲೆ ಹಾಗೇ.

ಮಾರಿದವನಿಗೆ ಫೋಟೋ ಕಳಿಸಿದೆ. ಈಗ ಅವನ ಉತ್ತರ ಒಂದೊಂದಾಗಿ ಹಾಕುತ್ತೇನೆ.

ಮೊದಲು: “ಅದು ಫಂಗಸ್ ಅಲ್ಲ ಸರ್, ಧೂಳು. ಬಳಸಿದ ಲೆನ್ಸಲ್ಲಿ ಧೂಳು ಇರ್ತದೆ.”

ಧೂಳಿಗೆ ಕವಲು ಇರುತ್ತದೆಯೇ ಅಂದೆ. “ಹಾಗಾದ್ರೆ ಬಸ್ಸಲ್ಲಿ ಒದ್ದೆ ಆಗಿರ್ಬೇಕು. ನಿಮ್ಮ ಶಿರಸಿ ಮಳೆ ಕೇಳೋದೇ ಬೇಡ.”

ಶಿರಸಿ ಮಳೆಯಂತೆ! ಕಾರವಾರದಲ್ಲಿ ಕೂತು ಹೇಳುತ್ತಾನೆ! ಪಾರ್ಸೆಲ್ ಬಸ್ಸಿನಲ್ಲಿದ್ದದ್ದು ಒಂದು ರಾತ್ರಿ, ಬಾಕ್ಸ್ ಒಣಗಿತ್ತು. ಒಂದು ರಾತ್ರಿಯಲ್ಲಿ ಬೂಸ್ಟು ಗಾಜಿನ ನಡುವಿನ ತನಕ ಬೇರು ಬಿಡುವುದಿಲ್ಲ. ಗಾಳಿಯ ತೇವ ಶೇ 60 ದಾಟಿದ ಕಡೆ, ಕತ್ತಲಲ್ಲಿ, ಗಾಳಿಯಾಡದ ಬ್ಯಾಗಿನಲ್ಲಿ ವಾರಗಟ್ಟಲೆ ಇಟ್ಟರೆ ಹಾಗಾಗುವುದು. ನಮ್ಮಲ್ಲಿ ಮಳೆಗಾಲದ ತೇವ 80, 90. ಲೆನ್ಸನ್ನು ಸ್ಪಂಜಿನ ಬ್ಯಾಗಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟು ಮರೆತರೆ ಒಂದೇ ಮಳೆಗಾಲ ಸಾಕು. (ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವವರಿಗೂ ಒಂದು ಮಾತು: ಹಿಟ್ಟಿನ ಧೂಳು ಬೂಸ್ಟಿಗೆ ಊಟ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ, ಮುಳ್ಳು 45ರಿಂದ 50ರ ಮಧ್ಯೆ ಇರಲಿ. ಜೆಲ್ ನೀಲಿ ಹೋಗಿ ಗುಲಾಬಿ ಆದರೆ ಬಿಸಿ ಮಾಡಿ ಒಣಗಿಸಬೇಕು.)

ಮೂರನೆಯದು: “ನಂಬರ್ ನಾನು ಹೇಳಿದ್ದೇ ಇದೆಯಲ್ಲ ಸರ್. ಮೋಸ ಎಲ್ಲಿ ಆಯ್ತು?”

ಇಲ್ಲೇ ನನಗೆ ತಲೆ ತಿರುಗಿದ್ದು. ಹೌದಲ್ಲ, ನಂಬರ್ ಸರಿಯೇ ಇದೆ! ರಾತ್ರಿ ಕೂತು ಜಾಹೀರಾತಿನ ಫೋಟೋ ದೊಡ್ಡದು ಮಾಡಿ, ಪಕ್ಕದಲ್ಲಿ ಲೆನ್ಸು ಇಟ್ಟುಕೊಂಡು ನೋಡಿದೆ. ಫೋಟೋದಲ್ಲಿ ಹುಡ್ (ಲೆನ್ಸಿನ ಮುಂದೆ ಹಾಕುವ ಬಿಸಿಲುಮರೆ) ಮೇಲೆ ಎರಡು ಬೆರಳಗಲ ಬಿಳಿ ಗೀರು. ಬಂದ ಹುಡ್ ಮೇಲೆ ಗೀರೇ ಇಲ್ಲ. ಕೇಳಿದೆ. “ಹುಡ್ ಹೊಸದು ಹಾಕಿ ಕಳಿಸಿದೆ ಸರ್, ನಿಮಗೆ ಲಾಭವೇ ಆಯ್ತಲ್ಲ” ಅಂದ. ಲಾಭವಂತೆ. ಮತ್ತೆ ನೋಡಿದೆ. ಫೋಟೋದ ಲೆನ್ಸಲ್ಲಿ ಜೂಮ್ ರಿಂಗಿನ ‘300’ ಗುರುತು ಉಜ್ಜಿ ಉಜ್ಜಿ ಮಾಸಿದೆ, 3ರ ಅರ್ಧ ಹೋಗಿದೆ. ಬಂದ ಲೆನ್ಸಲ್ಲಿ 300 ಅಚ್ಚು ಹಾಕಿದ ಹಾಗೆ ಬೆಳ್ಳಗೆ ಇದೆ. ಹುಡ್ ಬದಲಾಯಿಸಬಹುದು, ಅಳಿಸಿಹೋದ ಅಂಕಿ ವಾಪಸ್ ಬರುತ್ತದೆಯೇ? ಅವನ ಹತ್ತಿರ ಎರಡು ಲೆನ್ಸು. ಫೋಟೋ, ಚೀಟಿ ಎಲ್ಲ ಒಳ್ಳೆಯದರದ್ದು. ಟೈಪ್ ಮಾಡಿದ ನಂಬರ್ ಬೂಸ್ಟು ಹಿಡಿದದ್ದರದ್ದು. ಪಾರ್ಸೆಲ್ ಬಿಚ್ಚಿದವನು ನೋಡುವುದು ನಂಬರನ್ನು, ಅದು ಸರಿ ಇರುತ್ತದೆ, ಸುಮ್ಮನಾಗುತ್ತಾನೆ. ನಾವೂ ಸುಮ್ಮನಾಗಿ ಹೆಬ್ಬೆರಳು ಹಾಕಿದೆವು.

300ರ ಎರಡು ಫೋಟೋ ಅಕ್ಕಪಕ್ಕ ಇಟ್ಟು ಕಳಿಸಿದೆ. ಎರಡು ನೀಲಿ ಗೆರೆ ಬಿದ್ದವು. ಉತ್ತರ ಇಲ್ಲ.

ಸಿಟ್ಟಿಗೆ ಅವನನ್ನು ಬಳಗದಿಂದ ತೆಗೆದೆ. ಇದು ನನ್ನ ಎರಡನೇ ದಡ್ಡತನ. ಮರುದಿನ ಪರಿಚಯ ಮಾಡಿಸಿದವರ ಮೂಲಕ ಮಾತು ಬಂತು: “ಅವರೇ ನನ್ನನ್ನು ಹೊರಗೆ ಹಾಕಿದ್ರು, ಇನ್ನು ನಾನು ಉತ್ತರ ಕೊಡೋದು ಯಾರಿಗೆ?” ಜಾಹೀರಾತು ನೋಡಿಕೊಳ್ಳುವ ಯಾರೇ ಆಗಲಿ, ಮೊದಲು ಮಾತುಕತೆ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ, ಫೋಟೋ ಇಳಿಸಿಕೊಳ್ಳಿ, ಪಾರ್ಸೆಲ್ ರಸೀದಿ, ಯುಪಿಐನ 12 ಅಂಕಿಯ ವ್ಯವಹಾರ ಸಂಖ್ಯೆ ಬರೆದಿಟ್ಟುಕೊಳ್ಳಿ. ತೆಗೆಯುವುದು ಆಮೇಲೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವುದಾದರೆ ಹಣ ಹೋದ ತಾಸುಗಳಲ್ಲೇ ಮಾಡಬೇಕು, ಹಣ ಆ ಖಾತೆಯಲ್ಲಿ ಇನ್ನೂ ಇದ್ದರೆ ತಡೆಹಿಡಿಯಬಹುದು. ನಾವು ಧೂಳೋ ಫಂಗಸ್ಸೋ ಅಂತ ವಾದ ಮಾಡುತ್ತ ಮೂರು ದಿನ ಕಳೆದೆವು. ಅವನಿಗೆ ಬೇಕಾದದ್ದೂ ಅದೇ ಮೂರು ದಿನ. ದೂರು ಕೊಟ್ಟಾಗಿದೆ. ಲೆನ್ಸು ಬಿಚ್ಚಿ ಒರೆಸಲು 14,000 ಅಂದಿದ್ದಾರೆ, ಲೇಪ ಹೋಗಿದ್ದರೆ ಗ್ಯಾರಂಟಿ ಇಲ್ಲವಂತೆ.

ಇನ್ನು ಮೇಲೆ ನನ್ನ ಕೈಯಿಂದ ಯಾವ ಲೆನ್ಸೂ ಹೀಗೆ ಪಾಸಾಗುವುದಿಲ್ಲ. ಚೀಟಿ, ಸೀರಿಯಲ್ ನಂಬರ್, ಸಾಮಾನಿನ ಮೇಲಿನ ಒಂದು ಗೀರು ಅಥವಾ ಮಾಸಿದ ಗುರುತು, ಮೂರೂ ಒಂದೇ ಫ್ರೇಮಿನಲ್ಲಿ ಬರಬೇಕು. ಜತೆಗೆ ನಡುವೆ ನಿಲ್ಲಿಸದ ಒಂದು ವಿಡಿಯೋ: ಮೊದಲು ನಂಬರ್, ಅಲ್ಲಿಂದ ಕ್ಯಾಮೆರಾ ಎತ್ತದೆ ಹಿಂದಿನಿಂದ ಟಾರ್ಚ್, ಲೆನ್ಸು ಒಂದು ಪೂರ್ತಿ ಸುತ್ತು. ಕಿಟಕಿ ಬೆಳಕಿನಲ್ಲಿ ತೆಗೆದದ್ದು ಬೇಡ, ಕತ್ತಲೆ ಕೋಣೆ. ಹಳೆ ಮಾದರಿಯ ಲೆನ್ಸಾದರೆ ಹಿಂದಿನ ಸಣ್ಣ ಸನ್ನೆಯನ್ನು ಬೆರಳಲ್ಲಿ ತಳ್ಳಿ ಅಪರ್ಚರ್ (ಬೆಳಕು ಬಿಡುವ, ಎಲೆ ಎಲೆಯಾಗಿ ಮುಚ್ಚುವ ಕಿಂಡಿ) ಪೂರ್ತಿ ತೆರೆದು ತೋರಿಸಬೇಕು, ಇಲ್ಲದಿದ್ದರೆ ಎಲೆಗಳ ಹಿಂದೆ ಬೂಸ್ಟು ಅಡಗಿರುತ್ತದೆ. 200-500ರಲ್ಲಿ ಆ ಸನ್ನೆ ಇಲ್ಲ, ಅದರ ಅಪರ್ಚರ್ ನಡೆಯುವುದು ಕರೆಂಟಿನಲ್ಲಿ. (ಹಾಗಾಗಿಯೇ ನಿಕಾನ್ ಡಿ90ಯಂಥ ಹಳೆ ಕ್ಯಾಮೆರಾಕ್ಕೆ ಹಾಕಿದರೆ ಅಪರ್ಚರ್ ಕೆಲಸ ಮಾಡುವುದಿಲ್ಲ, ಇದನ್ನು ಬರೆಯದೆ ಮಾರುವವರೂ ಇದ್ದಾರೆ.) ಕೈಗೆ ಸಿಕ್ಕ ಮೇಲೆ 2.2 ಮೀಟರ್ ಹತ್ತಿರದಿಂದ ದೂರದ ಗುಡ್ಡದ ತನಕ ಫೋಕಸ್ ಓಡಿಸಿ, 200ರಲ್ಲೂ 500ರಲ್ಲೂ, ಕೀಚಲು ಶಬ್ದ ಬಂದರೆ ಮೋಟಾರ್ ಹೋಗುತ್ತಿದೆ ಅಂತ ಅರ್ಥ. ಕೈ ನಡುಕ ತಡೆಯುವ ವಿಆರ್ ಹಾಕಿ ಶಟರ್ ಗುಂಡಿ ಅರ್ಧ ಒತ್ತಿದಾಗ ಚಿತ್ರ ನಿಲ್ಲಬೇಕು, ಹಾರಬಾರದು.

ನೆಟ್‌ವರ್ಕ್ ಇಲ್ಲ ಅಂದರೆ, ಬರುವ ತನಕ ಜಾಹೀರಾತೂ ಇಲ್ಲ. ಗುಡ್ಡ ಹತ್ತಲಿ.

ಯಾಕೆ ಇಷ್ಟೆಲ್ಲ ಬರೆದೆ ಅಂದರೆ, ನಿನ್ನೆ ಹುಬ್ಬಳ್ಳಿ ಕಡೆಯ ಇನ್ನೊಂದು ಬಳಗದಿಂದ ಒಬ್ಬರು ಜಾಹೀರಾತೊಂದನ್ನು ಕಳಿಸಿ “ಹೇಗಿದೆ ನೋಡ್ರಿ, ತಗೋಬಹುದಾ” ಅಂದರು. ಕೆಂಪು ಗಾರೆಯ ಜಗಲಿ. ಹುಡ್ ಮೇಲೆ ಎರಡು ಬೆರಳಗಲ ಬಿಳಿ ಗೀರು. 3ರ ಅರ್ಧ ಹೋದ 300. ಚೀಟಿಯ ಜಾಗ ಕತ್ತರಿಸಿದ್ದಾನೆ, ಒಂದು ಮೂಲೆ ಮಾತ್ರ ಉಳಿದುಕೊಂಡಿದೆ. ನಂಬರ್ ಟೈಪ್ ಮಾಡಿದ್ದಾನೆ, ಈ ಸಲ ಬೇರೆ ನಂಬರ್. ಬೆಲೆ 58,000.