ಗಿಟಾರ್ ಆಕಾರದ ಕಂಟ್ರೋಲರ್: ಮೂರು ವರ್ಷ ಬಳಸಿದ ಮೇಲೆ

ಗಿಟಾರ್ ಆಕಾರದ ಕಂಟ್ರೋಲರ್ ಹಿಡಿದು ಆಡುವ ಸಂಗೀತದ ಆಟ ನಮ್ಮ ಮನೆಗೆ ಬಂದು ಈ ಜೂನ್‌ಗೆ ಮೂರು ವರ್ಷ ತುಂಬಿತು. ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮದು ಚಿಕ್ಕ ಮನೆ. ಆಡುವವರು ನಾನು, ತಬಲಾ ಕಲಿಯುತ್ತಿರುವ ಹನ್ನೆರಡು ವರ್ಷದ ಮಗಳು ಮತ್ತು ಆಗೊಮ್ಮೆ ಈಗೊಮ್ಮೆ, ಭಜನಾ ಮಂಡಳಿಯಲ್ಲಿ ನಲವತ್ತು ವರ್ಷ ತಾಳ ಹಿಡಿದ ನನ್ನ ಅವ್ವ. ವಾರಕ್ಕೆ ಮೂರು ನಾಲ್ಕು ಸಂಜೆ, ಪ್ರತಿ ಸಲ ಮುಕ್ಕಾಲು ಗಂಟೆಯಷ್ಟು ಬಳಕೆಯಾಗುತ್ತದೆ. ಈ ಸಾಧನದಿಂದ ಗಿಟಾರ್ ನುಡಿಸಲು ಬರುವುದಿಲ್ಲ, ಆದರೆ ಲಯ ಖಂಡಿತ ಬಲಿಯುತ್ತದೆ ಎಂಬುದು ನನ್ನ ಅನುಭವ. ಟಿವಿ ಮತ್ತು ಸ್ಪೀಕರುಗಳು ಉಂಟುಮಾಡುವ ವಿಳಂಬವನ್ನು ಸರಿಪಡಿಸಿಕೊಳ್ಳದಿದ್ದರೆ ಆ ಲಾಭವೂ ದೊರೆಯುವುದಿಲ್ಲ.

ಕಂಟ್ರೋಲರಿನಲ್ಲಿ ತಂತಿಗಳಿಲ್ಲ. ಕುತ್ತಿಗೆಯ ಮೇಲೆ ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಬಣ್ಣದ ಐದು ಗುಂಡಿಗಳಿವೆ. ಬಲಗೈ ಬರುವ ಕಡೆ ಮೇಲಕ್ಕೂ ಕೆಳಕ್ಕೂ ಆಡುವ ಒಂದು ಮೀಟುಪಟ್ಟಿ ಇದೆ. ಪರದೆಯ ಮೇಲೆ ಬಣ್ಣದ ಬಿಲ್ಲೆಗಳು ನಮ್ಮತ್ತ ಹರಿದು ಬರುತ್ತವೆ. ಬಿಲ್ಲೆ ಗೆರೆಯನ್ನು ಮುಟ್ಟುವ ಕ್ಷಣಕ್ಕೆ ಆ ಬಣ್ಣದ ಗುಂಡಿಯನ್ನು ಒತ್ತಿ ಹಿಡಿದು ಪಟ್ಟಿಯನ್ನು ಮೀಟಬೇಕು. ತಪ್ಪದೆ ಹತ್ತು ಬಿಲ್ಲೆ ಮೀಟಿದರೆ ಅಂಕ ಎರಡು ಪಟ್ಟು, ಇಪ್ಪತ್ತಕ್ಕೆ ಮೂರು ಪಟ್ಟು, ಮೂವತ್ತಕ್ಕೆ ನಾಲ್ಕು ಪಟ್ಟು ಆಗುತ್ತದೆ. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ ಎಣಿಕೆ. ಈ ಬಗೆಯ ಆಟವನ್ನು ಮನೆಮನೆಗೆ ತಲುಪಿಸಿದ್ದು 2005ರಲ್ಲಿ ಬಂದ ಗಿಟಾರ್ ಹೀರೋ. ನಾವು ಆಡುವುದು ಕ್ಲೋನ್ ಹೀರೋ ಎಂಬ, ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಆಟವನ್ನು. ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. 2015ರ ಗಿಟಾರ್ ಹೀರೋ ಲೈವ್‌ನ ಬಹುಪಾಲು ಹಾಡುಗಳು ಅಂತರ್ಜಾಲದ ಮೂಲಕವೇ ಬರುತ್ತಿದ್ದವು. 2018ರ ಡಿಸೆಂಬರಿನಲ್ಲಿ ಆ ಸೇವೆ ನಿಂತಾಗ ಆ ಹಾಡುಗಳೆಲ್ಲ ಕೈತಪ್ಪಿದವು. ಕ್ಲೋನ್ ಹೀರೋದಲ್ಲಿ ಹಾಡಿನ ಕಡತಗಳು ನಮ್ಮ ಕಂಪ್ಯೂಟರಿನಲ್ಲೇ ಇರುತ್ತವೆ.

ನಮ್ಮ ಕಂಟ್ರೋಲರ್ ಹಳೆಯ ಪೀಳಿಗೆಯದು, ವೈರ್‌ಲೆಸ್, ಕುತ್ತಿಗೆಯನ್ನು ಬಿಚ್ಚಿ ಜೋಡಿಸಬಹುದಾದದ್ದು. ಎರಡು ಪೆನ್ಸಿಲ್ ಸೆಲ್ ಹಾಕಬೇಕು. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಮಾರಿದವರು ಕಂಪ್ಯೂಟರಿಗೆ ಚುಚ್ಚುವ ರಿಸೀವರನ್ನು ಕಳುಹಿಸಲೇ ಇಲ್ಲ. ಕೇಳಿದರೆ ಉತ್ತರವೂ ಬರಲಿಲ್ಲ. ರಿಸೀವರ್ ಹುಡುಕಿ ತರಿಸಿಕೊಳ್ಳುವವರೆಗೆ ಒಂದೂವರೆ ತಿಂಗಳು ಗಿಟಾರ್ ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಆದ್ದರಿಂದ ಹಣ ಕೊಡುವ ಮೊದಲು ರಿಸೀವರ್ ಸಹಿತ ಇಡೀ ಸೆಟ್ಟಿನ ಚಿತ್ರವನ್ನೂ, ಐದು ಗುಂಡಿಗಳನ್ನು ಒಂದೊಂದಾಗಿ ಒತ್ತಿ ಮೀಟಿ ತೋರಿಸುವ ವೀಡಿಯೊವನ್ನೂ ಕೇಳಿ ಪಡೆಯಬೇಕು.

ವಿಳಂಬದ ವಿಷಯವನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಕೊಂಡವರಲ್ಲಿ ಅನೇಕರು ಬೇಸತ್ತು ಕೈಬಿಡುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಮೊದಲ ಸಂಜೆ ಮಗಳು ಆಡಿದಾಗ ಹತ್ತರಲ್ಲಿ ಆರು ಬಿಲ್ಲೆಗಳು ತಪ್ಪಿದವು. ತೀನ್‌ತಾಲದ ಹದಿನಾರು ಮಾತ್ರೆಗಳನ್ನು (ತಾಳದ ಎಣಿಕೆಗಳನ್ನು) ಕೈಬೆರಳಲ್ಲಿ ಎಣಿಸಿ, ಮೊದಲ ಮಾತ್ರೆಯಾದ ಸಮ್‌ಗೆ ಸರಿಯಾಗಿ ಬರುವ ಹುಡುಗಿ ಇಷ್ಟೊಂದು ತಪ್ಪುವುದು ನನಗೆ ನಂಬಲಾಗಲಿಲ್ಲ. ತಪ್ಪು ಅವಳದಾಗಿರಲಿಲ್ಲ. ನಾವು ಧ್ವನಿಯನ್ನು ಬ್ಲೂಟೂತ್ ಸ್ಪೀಕರಿನಲ್ಲಿ ಕೇಳುತ್ತಿದ್ದೆವು. ಬ್ಲೂಟೂತ್‌ನಲ್ಲಿ ಧ್ವನಿ ಸೆಕೆಂಡಿನ ಹತ್ತನೆಯ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ತಡವಾಗಿ ತಲುಪುತ್ತದೆ. ನಿಮಿಷಕ್ಕೆ 120 ಮಾತ್ರೆಗಳ ಗತಿಯಲ್ಲಿ ಒಂದು ಮಾತ್ರೆಗೆ 500 ಮಿಲಿಸೆಕೆಂಡ್, ಅದರ ಕಾಲು ಭಾಗಕ್ಕೆ 125 ಮಿಲಿಸೆಕೆಂಡ್. ಎಂದರೆ, ಒಂದು ಮಾತ್ರೆಗೆ ನಾಲ್ಕು ಬೋಲ್ (ತಬಲಾದ ಪೆಟ್ಟು) ಬರುವ ಚೌಪಟ್ಟು ಲಯದಲ್ಲಿ ಒಂದು ಇಡೀ ಬೋಲ್‌ನಷ್ಟು ಹಿಂದೆ ಉಳಿದ ಧ್ವನಿಯನ್ನು ನಂಬಿ ಅವಳು ಮೀಟುತ್ತಿದ್ದಳು.

ಬ್ಲೂಟೂತ್ ಬಿಟ್ಟು ತಂತಿಯ ಸ್ಪೀಕರ್ ಜೋಡಿಸಿದೆವು. ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿದೆವು. ಇದರಿಂದ ಚಿತ್ರವನ್ನು ನುಣುಪುಗೊಳಿಸಲು ಟಿವಿ ತೆಗೆದುಕೊಳ್ಳುವ ಸಮಯ ಉಳಿಯುತ್ತದೆ. ಆಮೇಲೆ ಆಟದೊಳಗೆ ವಿಳಂಬವನ್ನು ಅಳೆದು ಸರಿಹೊಂದಿಸುವ ಕ್ಯಾಲಿಬ್ರೇಶನ್ ತೆರೆದು, ಧ್ವನಿಯನ್ನೂ ಚಿತ್ರವನ್ನೂ ಬೇರೆ ಬೇರೆಯಾಗಿ ಹೊಂದಿಸಿದೆವು. ಒಂದೇ ಸಲದ ಅಳತೆಯನ್ನು ನಂಬದೆ ಐದಾರು ಸಲ ಮಾಡಿ, ಹೆಚ್ಚು ಕಡಿಮೆ ಒಂದೇ ಅಂಕಿ ಬರತೊಡಗಿದ ಮೇಲೆ ಅದನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಅದೇ ರಾತ್ರಿ ಅದೇ ಹಾಡಿನಲ್ಲಿ ಅವಳು ತಪ್ಪಿದ್ದು ಹತ್ತಕ್ಕೆ ಒಂದೋ ಎರಡೋ.

ಬೆಳಗಾವಿಯ ಮಳೆಗಾಲವನ್ನು ಬಲ್ಲವರಿಗೆ ಮುಂದಿನ ತೊಂದರೆ ಆಶ್ಚರ್ಯ ತರಲಾರದು. ಜುಲೈ, ಆಗಸ್ಟ್‌ನಲ್ಲಿ ತಿಂಗಳುಗಟ್ಟಲೆ ಬಟ್ಟೆಯೇ ಒಣಗದ ಊರಿನಲ್ಲಿ, ಕುತ್ತಿಗೆ ಮತ್ತು ಒಡಲು ಕೂಡುವ ಜಾಗದ ಲೋಹದ ಪಿನ್ನುಗಳ ಮೇಲೆ ಕಿಲುಬು ಕೂರುತ್ತದೆ. ಎರಡನೆಯ ವರ್ಷ ಮೊದಲು ಕಿತ್ತಳೆ ಗುಂಡಿ, ವಾರದ ನಂತರ ನೀಲಿ ಗುಂಡಿ ಆಗಾಗ ಕೈಕೊಡತೊಡಗಿದವು. ಸೆಲ್ ತೆಗೆದು, ಕುತ್ತಿಗೆ ಬಿಚ್ಚಿ, ಹತ್ತಿಯ ಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಒರೆಸಿದಾಗ ಬಿಳಿ ಹತ್ತಿ ಹಸಿರು ಮಿಶ್ರಿತ ಕಪ್ಪಾಯಿತು, ಗುಂಡಿಗಳೆರಡೂ ಸರಿಯಾದವು. ಈಗ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಈ ಕೆಲಸ ಇದ್ದೇ ಇದೆ. ಮೀಟುಪಟ್ಟಿಯ ಕೆಳಗಿರುವ ಪುಟ್ಟ ಸ್ವಿಚ್ಚುಗಳು ಸವೆದಾಗ ಮಾತ್ರ ಮನೆಮದ್ದು ಸಾಕಾಗಲಿಲ್ಲ. ಒಮ್ಮೆ ಮೀಟಿದರೆ ಎರಡು ಸಲ ಮೀಟಿದಂತೆ ದಾಖಲಾಗುತ್ತಿತ್ತು. ಖಡೇಬಜಾರಿನ ಹತ್ತಿರ ಮೊಬೈಲ್ ರಿಪೇರಿ ಮಾಡುವವರೊಬ್ಬರು ಎರಡೂ ಸ್ವಿಚ್ಚು ಬದಲಿಸಿ ಬೆಸುಗೆ ಹಾಕಿಕೊಟ್ಟರು. ಅವರು ಅಷ್ಟು ನಾಜೂಕಾಗಿ ಮಾಡಿದ ಕೆಲಸ ಇಂದಿಗೂ ಗಟ್ಟಿಯಾಗಿದೆ.

ಸುಲಭದ ಹಂತದಲ್ಲಿ ಸಾಮಾನ್ಯವಾಗಿ ಹಸಿರು, ಕೆಂಪು, ಹಳದಿ ಗುಂಡಿಗಳಷ್ಟೇ ಸಾಕು. ಅವ್ವ ಕೂತದ್ದು ಈ ಹಂತದಲ್ಲಿಯೇ. ಬಣ್ಣ ನೋಡಿ ಬೆರಳು ಹುಡುಕುವಷ್ಟರಲ್ಲಿ ಬಿಲ್ಲೆ ದಾಟಿ ಹೋಗುತ್ತಿತ್ತು. ಆಗ ನನ್ನ ಮಗಳು ಗುಂಡಿಗಳನ್ನು ತಾನು ಹಿಡಿದು, ಮೀಟುವುದನ್ನು ಅಜ್ಜಿಗೆ ಬಿಟ್ಟಳು. ಅವ್ವ ಕಣ್ಣು ಮುಚ್ಚಿಕೊಂಡು ಹಾಡು ಕೇಳುತ್ತಾ ಪಟ್ಟಿಯನ್ನು ಹೆಬ್ಬೆರಳಿನಿಂದ ಮೀಟಿದರು. ಮೂವತ್ತರ ಎಣಿಕೆ ದಾಟಿತು. “ಅಜ್ಜಿ, ಕಣ್ಣು ತೆರಿ, ನಾಲ್ಕು ಪಟ್ಟು ಆತು!” ಎಂದು ಮಗಳು ಕೂಗಿದಳು. “ತಾಳ ಕಿವ್ಯಾಗ ಇರತೈತಿ ತಂಗಿ, ಕಣ್ಣಾಗ ಅಲ್ಲ” ಎಂದು ಅವ್ವ ಮೀಟುತ್ತಲೇ ಇದ್ದರು. ಮಗಳು ಅಂದಿನಿಂದ ಪರದೆಗಿಂತ ಹೆಚ್ಚಾಗಿ ಹಾಡನ್ನೇ ಹಿಂಬಾಲಿಸಲು ಕಲಿತಿದ್ದಾಳೆ. ತನ್ನ ದ್ರುತ (ವೇಗದ) ಲಯದ ಕಾಯ್ದಾಗಳು, ಎಂದರೆ ತಬಲಾದ ರಚನೆಗಳು, ಮೊದಲಿನಂತೆ ಓಡಿಹೋಗದೆ ಈಗ ನಿಲ್ಲುತ್ತವೆ ಎಂದು ಅವಳೇ ಹೇಳುತ್ತಾಳೆ.

ಆಟದಲ್ಲಿ ನಮ್ಮ ಭಾಗದ ಹಾಡುಗಳಿಲ್ಲ ಎಂಬುದು ಬಹುಕಾಲ ನನ್ನನ್ನು ಕಾಡಿದ ಕೊರತೆ. ಅದಕ್ಕೂ ದಾರಿ ಇದೆ. ಮೂನ್‌ಸ್ಕ್ರೇಪರ್ ಎಂಬ ಉಚಿತ ತಂತ್ರಾಂಶದಲ್ಲಿ ಯಾವ ಧ್ವನಿಮುದ್ರಣಕ್ಕಾದರೂ ಬಿಲ್ಲೆಗಳನ್ನು ನಾವೇ ಜೋಡಿಸಬಹುದು. ಅವ್ವನ ಮಂಡಳಿಯವರು ಹಾಡಿದ ಒಂದು ಭಜನೆಯನ್ನು ಫೋನಿನಲ್ಲಿ ಮುದ್ರಿಸಿಕೊಂಡು ಕೂತೆ. ಸ್ಟುಡಿಯೋದ ಹಾಡಾದರೆ ಗತಿಯನ್ನು ಒಮ್ಮೆ ನಮೂದಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಭಜನೆಯ ನಡೆ ಹಾಗಲ್ಲ. ನಿಮಿಷಕ್ಕೆ 80 ಮಾತ್ರೆಗಳಲ್ಲಿ ನಿಧಾನವಾಗಿ ಎದ್ದು, ಕೊನೆಯ ನುಡಿಗೆ ಬರುವಷ್ಟರಲ್ಲಿ 130ರ ಆಚೆ ಹೋಗಿರುತ್ತದೆ; ಆ ಏರಿಕೆಯಲ್ಲೇ ಅದರ ಜೀವವಿದೆ. ಹೀಗಾಗಿ ಕೆಹರವಾ ತಾಳದ ಎಂಟು ಮಾತ್ರೆಗಳ ಪ್ರತಿ ಆವರ್ತನದ (ಸುತ್ತಿನ) ಆರಂಭದಲ್ಲೂ ಹೊಸ ಗತಿಯ ಗುರುತು ಹಾಕಬೇಕಾಯಿತು. ಆರು ನಿಮಿಷದ ಭಜನೆಗೆ ಹದಿನೈದು ರಾತ್ರಿಗಳು ಹಿಡಿದವು. ತಾಳದ ಪೆಟ್ಟುಗಳಿಗೆ ಹಸಿರು, ಢೋಲಕಿಯ ಎಡಗೈಗೆ ಕೆಂಪು, ಬಲಗೈಗೆ ಹಳದಿ, ಪೇಟಿಯ (ಹಾರ್ಮೋನಿಯಂನ) ಸ್ವರಗಳಿಗೆ ನೀಲಿ ಮತ್ತು ಕಿತ್ತಳೆ ಬಣ್ಣವನ್ನಿಟ್ಟೆ.

ಅವ್ವ ಅದನ್ನು ಕೇಳಿ, ಮೂರನೆಯ ನುಡಿಯಲ್ಲಿ ಒಂದು ಪೆಟ್ಟು ಮುಂದೆ ಬಿದ್ದಿದೆ ಎಂದರು. ತೆರೆದು ನೋಡಿದರೆ ಒಂದು ಆವರ್ತನದ ಗುರುತು ನಿಜವಾಗಿಯೂ ಸ್ವಲ್ಪ ಮುಂದಿತ್ತು. ಅದನ್ನು ಸರಿಪಡಿಸಿದ್ದೇನೆ. ಶ್ರಾವಣ ಸೋಮವಾರದ ಭಜನೆಯನ್ನೂ ಮುದ್ರಿಸಿಕೊಳ್ಳಲು ಮಂಡಳಿಯವರು ಒಪ್ಪಿದ್ದಾರೆ. ಈ ಸಲ ಮೊದಲ ಗುರುತುಗಳನ್ನು ಹಾಕುವುದು ಮಗಳ ಕೆಲಸ.